ಎರಡು ಇಂಚು ಹದಿನೈದು ಸೆಂಟು

ಜುಲೈ ತಿಂಗಳಲ್ಲಿ ಬೆಳಿಗ್ಗೆ ಎಂಟೂವರೆಗೆ ಕೊಡಗಿನ ಯಾವ ಕಾಫಿ ತೋಟಕ್ಕೆ ಹೋದರೂ ಹೆಚ್ಚುಕಡಿಮೆ ಒಂದೇ ನೋಟ. ಯಜಮಾನರು ಕಾಲಿಗೆ ಗಮ್‌ಬೂಟು ಏರಿಸಿ, ಕೊಡೆಯನ್ನು ಕುತ್ತಿಗೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅಂಗಳದಾಚೆಯ ಬಯಲಿನಲ್ಲಿ ಬಗ್ಗಿ ನಿಂತಿರುತ್ತಾರೆ. ಎದುರಿಗೆ ಮಳೆಮಾಪಕ. ಒಳಗಿನ ಡಬ್ಬ ಎತ್ತಿ, ನೀರನ್ನು ಗಾಜಿನ ಅಳತೆ ಪಾತ್ರೆಗೆ ಬಗ್ಗಿಸಿ, ಮಂಜು ಹಿಡಿದ ಕನ್ನಡಕವನ್ನು ಅಂಗಿಯ ಚುಂಗಿನಿಂದ ಒರೆಸಿ, ಗೆರೆಯ ಮಟ್ಟಕ್ಕೆ ಕಣ್ಣು ತಂದು ಓದುತ್ತಾರೆ. ನಾಲ್ಕು ಹನಿ ಹೊರಗೆ ಚೆಲ್ಲಿದರೆ ಮುಖ ಸಣ್ಣದಾಗುತ್ತದೆ. ಮೇಲಿಂದ ಆಕಾಶವೇ ಕಳಚಿ ಬೀಳುತ್ತಿರುವಾಗ ನಾಲ್ಕು ಹನಿಗೆ ಇಷ್ಟೇಕೆ ಮರುಕ ಎಂದು ಕೇಳುವವರು ಊರಿಗೆ ಹೊಸಬರೇ ಇರಬೇಕು. ಅಷ್ಟರಲ್ಲೇ ಪಕ್ಕದ ತೋಟದವರು ಮುಂದೆ ಹೋಗಿಬಿಡಬಹುದು!

ಹವಾಮಾನ ಇಲಾಖೆ ಮಿಲಿಮೀಟರಿಗೆ ಬದಲಾಗಿ ದಶಕಗಳೇ ಕಳೆದವು. ಕೊಡಗಿನ ಬೆಳೆಗಾರ ಬದಲಾಗಿಲ್ಲ. ಅವರಿಗೆ ಮಳೆ ಇಂಚಿನಲ್ಲೇ ಬೀಳಬೇಕು; ಇಂಚನ್ನು ನೂರು ಪಾಲು ಮಾಡಿದರೆ ಸೆಂಟು. ‘ನಿನ್ನೆ ಎರಡು ಹದಿನೈದು’ ಎಂದರೆ ಎರಡು ಇಂಚು ಹದಿನೈದು ಸೆಂಟು, ಸರ್ಕಾರದ ಲೆಕ್ಕದಲ್ಲಿ ಸುಮಾರು 55 ಮಿ.ಮೀ. ಒಂಬತ್ತು ಗಂಟೆಗೆ ಫೋನುಗಳು ಶುರು. ಕ್ಷೇಮ ಸಮಾಚಾರಕ್ಕಿಂತ ಮೊದಲು ‘ನಿಮ್ಮಲ್ಲೆಷ್ಟು?’ ಆ ಕಡೆಯವರು ಮೂರು ಎಂದರೆ ಈ ಕಡೆಯವರು ಒಂದು ಗಳಿಗೆ ಸುಮ್ಮನಾಗಿ, ‘ನಮ್ಮದು ಮೂರೂಕಾಲು, ಗಾಳಿ ಜೋರಿತ್ತು ನೋಡಿ, ಇಲ್ಲದಿದ್ದರೆ ಇನ್ನೂ ಬೀಳುತ್ತಿತ್ತು’ ಎನ್ನುತ್ತಾರೆ. ಅಂಕಿ ಡೈರಿಗೆ ಏರುತ್ತದೆ. ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಮಳೆ ಪುಸ್ತಕಗಳು ಜೋಪಾನವಾಗಿವೆ. ಅಜ್ಜನ ಮದುವೆಯ ತಾರೀಕು ಮೊಮ್ಮಗನಿಗೆ ಗೊತ್ತಿಲ್ಲದಿರಬಹುದು, ಆ ವರ್ಷ ಜೂನ್‌ನಲ್ಲಿ ಎಷ್ಟು ಇಂಚು ಎಂಬುದು ಕಪಾಟಿನಲ್ಲಿದೆ.

ಇದು ನ್ಯಾಯವಾದ ಸ್ಪರ್ಧೆಯೂ ಅಲ್ಲ. ಭಾಗಮಂಡಲ, ಕಕ್ಕಬ್ಬೆ, ಶಾಂತಳ್ಳಿಯವರು ಹುಟ್ಟಾ ಚಾಂಪಿಯನ್ನರು. ಮಡಿಕೇರಿಯವರು ಸುಮಾರು 1,170 ಮೀಟರ್ ಎತ್ತರದಲ್ಲಿ ಕುಳಿತು ಗೌರವದ ಪೈಪೋಟಿ ಕೊಡುತ್ತಾರೆ. ಅಲ್ಲಿಂದ 30 ಕಿಲೋಮೀಟರ್ ಇಳಿದರೆ ಕುಶಾಲನಗರ, ಅಲ್ಲಿ ಎಷ್ಟೋ ದಿನ ಬಿಸಿಲು. ಅಲ್ಲಿನವರು ಈ ಆಟಕ್ಕೆ ಇಳಿಯುವುದೇ ಇಲ್ಲ. ಹಾರಂಗಿ ಅಣೆಕಟ್ಟೆಗೆ ಎಷ್ಟು ಅಡಿ ನೀರು ಬಂತು ಎಂಬ ಬೇರೆಯದೇ ಲೆಕ್ಕ ಇಟ್ಟುಕೊಂಡಿದ್ದಾರೆ. ಮಡಿಕೇರಿಯ ‘ಶಕ್ತಿ’ ಪತ್ರಿಕೆ ಬಿಡಿಸಿದವರ ಕಣ್ಣು ಮಳೆಯ ವಿವರಕ್ಕೇ ಹೋಗುತ್ತದೆ: ಯಾವ ಊರಿಗೆ ಎಷ್ಟು, ಕಳೆದ ವರ್ಷ ಇದೇ ದಿನಕ್ಕೆ ಎಷ್ಟು. ಭಾಗಮಂಡಲದ ತ್ರಿವೇಣಿ ಸಂಗಮ ಮುಳುಗಿತು, ನಾಪೋಕ್ಲು ರಸ್ತೆ ಬಂದ್ ಎಂಬುದು ಆಮೇಲಿನ ಸುದ್ದಿ. ಇತ್ತ ಕನ್ನಂಬಾಡಿಯ ಕಟ್ಟೆಯ ಮೇಲೆ 124.80 ಅಡಿಯ ಗುರುತನ್ನೇ ನೋಡುತ್ತ ಮಂಡ್ಯದ ರೈತರು ಕೊಡಗಿಗೆ ಇನ್ನಷ್ಟು ಮಳೆಯಾಗಲಿ ಎಂದು ಹಾರೈಸುತ್ತಾರೆ. ಬಟ್ಟೆ ಒಣಗದೆ ಹದಿನೈದು ದಿನವಾದ ಮಡಿಕೇರಿಯ ಗೃಹಿಣಿಯನ್ನು ಈ ವಿಷಯದಲ್ಲಿ ಯಾರೂ ಕೇಳುವುದಿಲ್ಲ.

ಫೆಬ್ರವರಿ, ಮಾರ್ಚ್ ಬಂದರೆ ಇದೇ ಆಟಕ್ಕೆ ಬೇರೆಯೇ ಕಾವು. ಆಗ ಬೇಕಾದದ್ದು ಹೂಮಳೆ. ರೋಬಸ್ಟಾ ಗಿಡದ ಮೊಗ್ಗು ಅರಳಬೇಕಾದರೆ ಹೊತ್ತಿಗೆ ಸರಿಯಾಗಿ ಒಂದು ಇಂಚಿನಷ್ಟಾದರೂ ಬೀಳಬೇಕು. ಬಿದ್ದ ವಾರ, ಹತ್ತು ದಿನಕ್ಕೆ ಇಡೀ ಬೆಟ್ಟ ಬೆಳ್ಳಗಾಗಿ ಮಲ್ಲಿಗೆಯಂಥ ಕಂಪು. ಮತ್ತೆ ಎರಡು ಮೂರು ವಾರಕ್ಕೆ ಅದರ ಬೆನ್ನಿಗೆ ಇನ್ನೊಂದು ಮಳೆ ಬರಬೇಕು. ಬೇಸಿಗೆಯ ಮೋಡಕ್ಕೆ ಸರ್ವೆ ನಂಬರು ತಿಳಿಯುವುದಿಲ್ಲವಲ್ಲ! ರಸ್ತೆಯ ಬಲಗಡೆ ಒಂದೂವರೆ ಇಂಚು ಸುರಿದು ಎಡಗಡೆ ಧೂಳೇಳುವುದುಂಟು. ಎಡಗಡೆಯವರು ಸಂಜೆ ಬಲಗಡೆಯವರ ಮನೆಗೆ ಹೋಗಿ, ಕಾಫಿ ಕುಡಿದು, ಸಂತೋಷವಾಯಿತು ಎಂದು ಹೇಳಿ ಬರುತ್ತಾರೆ. ಮರುದಿನ ಬೆಳಿಗ್ಗೆ ಅವರ ತೋಟದಲ್ಲಿ ಸ್ಪ್ರಿಂಕ್ಲರ್ ಪಂಪು ಮೊರೆಯುತ್ತದೆ, ಡೀಸೆಲ್ ಲೆಕ್ಕ ಮನೆಯವರಿಗೆ ಹೇಳುವುದಿಲ್ಲ.

ಕೊಡಗಿನವರಿಗೆ ಋತು ಎಂಬುದು ಸುಮ್ಮನೆ ಕಳೆಯುವ ಕಾಲವಲ್ಲ, ಯಾರು ಮುಂದೆ ಎಂದು ನೋಡುವ ಕಾಲ. ಬೆಟ್ಟ ನೋಡಲು ಬರುವವರಿಗೆ ಇದು ಕಾಣುವುದಿಲ್ಲ. ಅವರು ಮಾಂದಲಪಟ್ಟಿಗೆ ಜೀಪು ಹತ್ತಿ, ಮಂಜು ಬಿಟ್ಟು ಬೇರೇನೂ ಕಾಣದೆ, ಆ ಮಂಜನ್ನೇ ಚಿತ್ರ ತೆಗೆದುಕೊಂಡು ಇಳಿಯುತ್ತಾರೆ. ಹೊಟ್ಟೆ ಗಟ್ಟಿ ಇರುವವರು ದಕ್ಷಿಣ ಕೊಡಗಿನ ಬರಪೊಳೆಯಲ್ಲಿ ಮಳೆಗಾಲದ ರಾಫ್ಟಿಂಗಿಗೆ ಹೋಗಿ, ಬಂಡೆಗಳ ನಡುವೆ ಎತ್ತಿಹಾಕಿಸಿಕೊಂಡು, ಈ ನೀರೂ ಕಾವೇರಿಗೇ ಹೋಗುತ್ತದಲ್ಲವೇ ಎಂದು ಕೇಳುತ್ತಾರೆ. ಹೋಗುವುದಿಲ್ಲ, ಅದು ಕೇರಳದ ದಾರಿ ಹಿಡಿಯುತ್ತದೆ.

ಮಳೆ ಹೊಯ್ಯುವಾಗಲೇ ಗದ್ದೆ ಕೆಲಸ. ಅದು ಕಕ್ಕಡ ಮಾಸ, ಹಬ್ಬ ಹುಣ್ಣಿಮೆಗೆ ಬಿಡುವಿಲ್ಲ. ಅದರ ಹದಿನೆಂಟನೇ ದಿನ, ಆಗಸ್ಟ್ 3ರ ಆಸುಪಾಸು, ಮದ್ದು ಸೊಪ್ಪಿನ ಪಾಯಸ. ಹದಿನೆಂಟು ಬಗೆಯ ಔಷಧಿ ಅಂದು ಆ ಸೊಪ್ಪಿಗೆ ಇಳಿದಿರುತ್ತದೆಂದು ನಂಬಿಕೆ. ಸೊಪ್ಪು ಕುದಿಸಿದ ನೀರು ಕಡು ನೇರಳೆ, ಪಾಯಸವೂ ನೇರಳೆ. ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ಕೆಂಪು ಕಾಣುತ್ತದೆ ಎಂಬ ಮಾತನ್ನು ಮನೆಗೆ ಹೊಸದಾಗಿ ಬಂದ ಅಳಿಯನಿಗೆ ಯಾರೂ ಮುಂಚಿತವಾಗಿ ತಿಳಿಸುವುದಿಲ್ಲ. ಇದು ಅಲ್ಲಿನವರ ಸೌಜನ್ಯಕ್ಕೆ ಒಂದು ಕಪ್ಪುಚುಕ್ಕೆ. ಅಳಿಯ ಬೆಂಗಳೂರಿನ ಡಾಕ್ಟರಿಗೆ ಗುಟ್ಟಾಗಿ ಫೋನ್ ಮಾಡುತ್ತಿರುವಾಗ ಇಡೀ ಮನೆ ಬಾಗಿಲ ಹಿಂದೆ ನಿಂತಿರುತ್ತದೆ.

ನಾಟಿ ಮುಗಿಯುತ್ತ ಬಂದಂತೆ ಕೆಸರಿಗೂ ಸ್ಪರ್ಧೆ. ಇದು ಹೋಂಸ್ಟೇಯವರು ಹುಟ್ಟಿಸಿದ್ದೆಂದು ತಿಳಿಯಬೇಡಿ. ಬಾಸೆಲ್ ಮಿಶನ್ನಿನ ಜಿ. ರಿಕ್ಟರ್ 1870ರಲ್ಲಿ ಪ್ರಕಟಿಸಿದ ‘ಮ್ಯಾನ್ಯುಯಲ್ ಆಫ್ ಕೂರ್ಗ್’ನಲ್ಲೇ ನಾಟಿ ಓಟದ ವರ್ಣನೆ ಇದೆ. ದೊಡ್ಡ ಗದ್ದೆಯಲ್ಲಿ ಉದ್ದಕ್ಕೂ ಒಂದು ಪಟ್ಟಿ ನೆಡದೆ ಬಿಟ್ಟು, ಅದರಲ್ಲಿ ಮೊಣಕಾಲು ಹೂಳುವ ಕೆಸರಿನಲ್ಲಿ ಓಟ. ಗೆದ್ದವರಿಗೆ ಬಟ್ಟೆ, ಆಮೇಲಿನವರಿಗೆ ಬಾಳೆಗೊನೆ, ಹಲಸಿನ ಹಣ್ಣು. ಈಗ ಮಡಿಕೇರಿ ಬಳಿಯ ಕಗ್ಗೋಡ್ಲುವಿನಂಥ ಊರುಗಳಲ್ಲಿ ಕೆಸರುಗದ್ದೆ ಕ್ರೀಡಾಕೂಟ ನಡೆಯುತ್ತದೆ: ವಾಲಿಬಾಲ್, ಹಗ್ಗಜಗ್ಗಾಟ, ಹೆಂಗಸರಿಗೆ ಥ್ರೋಬಾಲ್. ಮೊದಲ ಐದು ನಿಮಿಷ ಯಾರು ಯಾರೆಂದು ಗೊತ್ತಾಗುತ್ತದೆ. ಆಮೇಲೆ ಎಲ್ಲರದ್ದೂ ಒಂದೇ ಬಣ್ಣ. ಬದುವಿನ ಮೇಲೆ ನಿಂತ ಚಿಕ್ಕಪ್ಪಂದಿರು ಗಂಟಲು ಹರಿಯುವಂತೆ ಕೂಗಿ ಹುರಿದುಂಬಿಸುತ್ತಿರುವುದು ಬೇರೆ ಮನೆಯ ಹುಡುಗನನ್ನು. ಹಗ್ಗ ಜಗ್ಗುವವರು ಎಂಟು ಜನವೂ ಒಟ್ಟಿಗೆ ಅಂಗಾತ ಬಿದ್ದಾಗ ತೀರ್ಪುಗಾರರು ಸೀಟಿ ಊದುತ್ತಾರೆ, ಸೀಟಿಯಿಂದ ಮೊದಲು ಕೆಸರು ಬರುತ್ತದೆ.

ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್. ಮೂಲೆಗೆ ಸೇರಿದ್ದ ಕೋವಿ, ಒಡಿಕತ್ತಿಗಳನ್ನು ಹೊರತೆಗೆದು, ತೋಕ್ ಪೂ ಎಂಬ ಹೂವಿಟ್ಟು ಪೂಜೆ. ಕಡಂಬುಟ್ಟು, ಪಂದಿಕರಿಯ ಊಟ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಇಷ್ಟೆಲ್ಲ ದೊಡ್ಡ ಕಾನೂನಿನ ಬಲದಿಂದ ಅಂದು ಮಧ್ಯಾಹ್ನ ಎಲ್ಲರೂ ಸೇರಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ನಿವೃತ್ತ ಸೇನಾಧಿಕಾರಿಯ ಗುಂಡು ಎಲೆಗೆ ತಾಗಿ, ಕಾಲೇಜು ಓದುವ ಮೊಮ್ಮಗಳ ಗುಂಡಿಗೆ ಕಾಯಿ ಒಡೆದರೆ ಅದು ಗಾಳಿಯ ತಪ್ಪು.

ಮಡಿಕೇರಿ ದಸರೆಗೆ ಬಂದರೆ ದೇವರುಗಳಿಗೂ ಅಂಕ. ನಾಲ್ಕು ಮಾರಿಯಮ್ಮ, ಕಾಮಾಕ್ಷಿಯಮ್ಮ ಗುಡಿಗಳ ಕರಗ ಹೊರಟು ಆರಂಭವಾಗುವ ಹಬ್ಬ, ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ದಶಮಂಟಪಗಳ ಮೆರವಣಿಗೆಯಲ್ಲಿ ಮುಗಿಯುತ್ತದೆ. ಟ್ರ್ಯಾಕ್ಟರ್ ಮೇಲೆ ಎರಡಾಳೆತ್ತರದ ರಾಕ್ಷಸರು ಕಣ್ಣು ಹೊರಳಿಸುತ್ತಾರೆ, ಹೊಗೆ ಉಗುಳುತ್ತಾರೆ, ದೇವಿ ಬಂದು ಕೊಲ್ಲುತ್ತಾಳೆ. ತೀರ್ಪುಗಾರರ ಮುಂದೆ ಬಂದಾಗ ರಾಕ್ಷಸ ಹೊತ್ತಿಗೆ ಸರಿಯಾಗಿ ಸಾಯಬೇಕು. ಜನರೇಟರ್ ಕೈಕೊಟ್ಟು ಮಹಿಷಾಸುರ ಅರ್ಧ ಎದ್ದು ನಿಂತುಬಿಟ್ಟರೆ ಇಡೀ ಬೀದಿಯ ವರ್ಷದ ದುಡಿಮೆ ನೀರುಪಾಲು. ಬೆಳಗಾಗುವ ಹೊತ್ತಿಗೆ ಬಹುಮಾನ ಪ್ರಕಟವಾಗುತ್ತದೆ; ಬನ್ನಿ ಕಡಿಯುವುದಕ್ಕಿಂತ ತೀರ್ಪನ್ನು ಕಡಿಯುವುದೇ ಹೆಚ್ಚು.

ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದಂದು ತಲಕಾವೇರಿಯ ತೀರ್ಥೋದ್ಭವಕ್ಕೆ ಮಾತ್ರ ಪೈಪೋಟಿ ಇಲ್ಲ ಎನ್ನಬೇಕು. ಮುಹೂರ್ತ ಗಂಟೆ, ನಿಮಿಷ ಸಮೇತ ನಿಗದಿ. ವರ್ಷಕ್ಕೆ ಸುಮಾರು ಆರು ಗಂಟೆ ಮುಂದೆ ಸರಿಯುತ್ತ ಒಮ್ಮೆ ಮಧ್ಯಾಹ್ನ, ಒಮ್ಮೆ ನಡುರಾತ್ರಿ. ಆದರೂ ಕುಂಡಿಕೆಗೆ ಹತ್ತಿರ ಯಾರು ನಿಂತಿದ್ದರು, ಯಾರ ಬಿಂದಿಗೆ ಮೊದಲು ತುಂಬಿತು ಎಂಬುದು ವಾರವಿಡೀ ಚರ್ಚೆಯಾಗುತ್ತದೆ.

ಇವೆಲ್ಲದರ ರಾಜ ಬೇಸಿಗೆಯ ಹಾಕಿ. ಭಾರತಕ್ಕೆ ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯನಂಥ ನಾಯಕರನ್ನು ಕೊಟ್ಟ ಜಿಲ್ಲೆಯಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳಿಗೆಂದೇ ಪಂದ್ಯಾವಳಿ ಶುರುಮಾಡಿದಾಗ 60 ತಂಡಗಳು ಬಂದವು. ತಂಡದ ಹೆಸರು ಮನೆತನದ್ದು, ಆಡುವವರು ಮನೆಯವರೇ. ಪ್ರತಿ ವರ್ಷ ಒಂದು ಮನೆತನ ಆತಿಥ್ಯ ವಹಿಸುತ್ತದೆ, ಆ ವರ್ಷದ ಕಪ್ಪಿಗೆ ಅವರದೇ ಹೆಸರು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಊರುಗಳೇ ಕೊಚ್ಚಿಹೋದವು. ಆಗ ಇಂಚು ಸೆಂಟಿನ ಮಾತು ಯಾರ ಬಾಯಲ್ಲೂ ಇರಲಿಲ್ಲ, ಮರುವರ್ಷ ಹಾಕಿಯೂ ಇರಲಿಲ್ಲ. ಹಿಂದೆಯೇ ಕೊರೋನಾ. 2023ರಲ್ಲಿ ನಾಪೋಕ್ಲುವಿನ ಮೈದಾನದಲ್ಲಿ ಮತ್ತೆ ಸೀಟಿ ಊದಿದಾಗ ಜನ ಹಸಿದವರಂತೆ ಬಂದರು. 2024ರ ಕುಂಡ್ಯೋಳಂಡ ಕಪ್ಪಿನಲ್ಲಿ ಆಡಿದ್ದು 360 ಕುಟುಂಬ, ಗಿನ್ನಿಸ್ ದಾಖಲೆಯಾಯಿತು.

ಇಷ್ಟು ತಂಡಗಳು ಆಡಬೇಕಾದರೆ ಸುಮಾರು ಒಂದು ತಿಂಗಳು ಬೇಕು, ಆ ತಿಂಗಳು ಕೊಡಗಿನಲ್ಲಿ ಪ್ಲಂಬರ್ ಸಿಗುವುದಿಲ್ಲ, ವಕೀಲರೂ ಸಿಗುವುದಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ರಜೆ ಹಾಕಿ ಬಂದು ರೈಟ್ ಬ್ಯಾಕ್ ಆಡುತ್ತಾನೆ. ಅವನ ಮುಂದೆ ಅವನ ದೊಡ್ಡಪ್ಪ ಸೆಂಟರ್ ಹಾಫ್. ಓಡುವುದು ಕಡಿಮೆ, ಕೈ ತೋರಿಸಿ ಓಡಿಸುವುದು ಜಾಸ್ತಿ. ತಂಡದಲ್ಲಿ ಸೊಸೆಯಂದಿರು, ಶಾಲೆಯ ಮಕ್ಕಳೂ ಇರುತ್ತಾರೆ. ಮೊದಲ ಸುತ್ತಿನಲ್ಲೇ ಏಳು ಗೋಲು ತಿಂದ ಮನೆತನದವರು ಹನ್ನೊಂದು ಗಂಟೆಗೆಲ್ಲ ಖಾಲಿ. ಅವರು ಮನೆಗೆ ಹೋಗುತ್ತಾರೆಯೇ? ಮೈದಾನದಾಚೆಯ ಚಹಾದಂಗಡಿಯಲ್ಲಿ ಬೆಂಚು ಹಿಡಿಯುತ್ತಾರೆ. ದೊಡ್ಡಪ್ಪ ಇನ್ನೂ ಜರ್ಸಿಯಲ್ಲೇ ಇದ್ದಾರೆ. ಸಕ್ಕರೆ ಡಬ್ಬವನ್ನು ಗೋಲಿಯಾಗಿ, ಬಿಸ್ಕೆಟ್ ಪೊಟ್ಟಣವನ್ನು ಅಂಪೈರಾಗಿ ನಿಲ್ಲಿಸಿ, ಮೂರನೇ ಗೋಲು ಹೇಗೆ ಗೋಲೇ ಅಲ್ಲ ಎಂದು ಚಮಚ ಸರಿಸುತ್ತ ವಿವರಿಸುತ್ತಿದ್ದಾರೆ. ಉಳಿದ ಆರರ ವಿಷಯವನ್ನು ಯಾರೋ ಎತ್ತುತ್ತಾರೆ. ದೊಡ್ಡಪ್ಪ ಇನ್ನೊಂದು ಚಹಾ ಹೇಳುತ್ತಾರೆ.