ಹೊಗೆ ನನ್ನದು, ಬ್ಯಾಟರಿ ಅವಳದು

ಸಿಗರೇಟು ಬಿಡುತ್ತೇನೆ ಅಂತ ನಾನು ಘೋಷಿಸಿದರೆ ಲೆಸ್ಟರ್‌ನ ನಮ್ಮ ಮನೆಯಲ್ಲಿ ಯಾರೂ ತಲೆ ಎತ್ತುವುದಿಲ್ಲ. ಈ ಸಲ ‘ವೇಪ್ ತಗೋತೀನಿ’ ಅಂದದ್ದೇ ತಡ, ಹೆಂಡತಿ ಟಿವಿ ಆರಿಸಿದಳು. “ರೀ, ಅದರೊಳಗೆ ಎಂಥ ಬ್ಯಾಟರಿ?”

ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನವರು ಸಿಗರೇಟು ಬಿಡುವವರಿಗೆ ವೇಪ್, ಅಂದರೆ ಇ-ಸಿಗರೇಟು, ಆದೀತು ಅನ್ನುತ್ತಾರೆ. ಸೇದದವರು ಅದರ ತಂಟೆಗೇ ಹೋಗಬಾರದಂತೆ. ಸೇದುವವನೆಂಬ ಅರ್ಹತೆ ನನಗೆ ಧಾರಾಳವಾಗಿತ್ತು. ಸೇದಿ ಬಿಸಾಡುವ ಬಗೆಯದನ್ನು ಬ್ರಿಟನ್ 2025ರ ಜೂನ್ 1ರಿಂದ ನಿಷೇಧಿಸಿದೆ. ಹಾಗಾಗಿ ಚಾರ್ಜ್ ಮಾಡುವಂಥದ್ದೇ ಗತಿ.

ನಾನು ಎಲೆಕ್ಟ್ರಿಕಲ್ ಎಂಜಿನಿಯರ್. ಡಿಗ್ರಿ ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಮಾಡಿಸಿದ್ದೇನೆ, ವಿದ್ಯೆಗೆ ಮಾಡಿಸಿರಲಿಲ್ಲ. ನನ್ನ ಕಣ್ಣು ಬಿದ್ದದ್ದು ಎರಡು 18650 ಸೆಲ್ ನುಂಗುವ, ಅಂಗೈ ತುಂಬುವ ‘ಮಾಡ್’ ಮೇಲೆ. 18 ಮಿಲಿಮೀಟರ್ ದಪ್ಪ, 65 ಉದ್ದ ಅಂತ ಹೆಸರಿನಲ್ಲೇ ಅಳತೆಯಿದೆ ಎಂದು ವಿವರಿಸಿ ಮೀಸೆ ತಿರುವಿದೆ.

“ಅಳತೆ ಇರಲಿ, ಕರೆಂಟ್ ಎಷ್ಟು ಎಳೆಯುತ್ತೆ?” ಅಂದಳು ಬಿ.ಕಾಂ. ಓದಿದವಳು. ಪೂರ್ತಿ ಚಾರ್ಜ್ ಆದ ಸೆಲ್ 4.2 ವೋಲ್ಟ್, ಉದಾಹರಣೆಗೆ ರಕ್ಷಣೆಯ ಸರ್ಕ್ಯೂಟೇ ಇಲ್ಲದ ಒಂದು ಸೆಲ್ಲಿನ ಮೆಕ್ಯಾನಿಕಲ್ ಮಾಡ್‌ಗೆ 0.2 ಓಮ್ ಕಾಯಿಲ್ ಹಾಕಿದರೆ 21 ಆಂಪಿಯರ್. ಭಾಗಾಕಾರ ಮಾಡಿದ್ದು ಅವಳು, ಬೆವರಿದ್ದು ನಾನು. ಸೆಲ್ ಅಷ್ಟನ್ನು ಸತತವಾಗಿ ಕೊಡುವ ತಾಕತ್ತಿನದಾಗಿರಬೇಕು. ಎಷ್ಟು ಚಾರ್ಜ್ ಹಿಡಿಯುತ್ತದೆ ಎಂದು ಹೇಳುವ ಎಂಎಎಚ್ ಜಾಸ್ತಿ ಇದ್ದರೆ ಸಾಲದು. ಅದು ಹೆಚ್ಚಿದಷ್ಟೂ ಆಂಪಿಯರ್ ಕೊಡುವ ಶಕ್ತಿ ಸಾಮಾನ್ಯವಾಗಿ ಕಡಿಮೆ.

ಮಾಡ್‌ಗೆ ಹಾಕಲೆಂದು ನಾನು ತೆಗೆದಿಟ್ಟಿದ್ದ, ಟಾರ್ಚ್ ಜೊತೆ ಪುಕ್ಕಟೆ ಬಂದಿದ್ದ ಸೆಲ್ ಮೇಲೆ 9900 ಎಂಎಎಚ್ ಎಂದಿತ್ತು. ಒಳ್ಳೊಳ್ಳೆ ಕಂಪನಿಯವರೇ ಈ ಗಾತ್ರದಲ್ಲಿ 3500ರ ಆಸುಪಾಸಿನಲ್ಲಿ ಏದುಸಿರು ಬಿಡುತ್ತಾರೆ. ಅವಳು ಅದನ್ನು ಅಡುಗೆಮನೆಯ ತಕ್ಕಡಿಗೆ ಹಾಕಿದಳು. ಅಸಲಿ ಸೆಲ್ 45 ಗ್ರಾಮಿನಷ್ಟು ತೂಗಬೇಕು. ಇದು 30ರ ಹತ್ತಿರವೇ ಸುಸ್ತಾಯಿತು. ತಿರುಗಿಸಿ ನೋಡಿದಳು: ಮೇಲಂಚಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಉಗುರಿನಷ್ಟು ಹರಿದು ಲೋಹ ಮಿನುಗುತ್ತಿತ್ತು. ಸೆಲ್ಲಿನ ಮೈಯೆಲ್ಲ ಮೈನಸ್, ಮೇಲ್ತುದಿಯ ನಡುವಿನ ಉಬ್ಬು ಮಾತ್ರ ಪ್ಲಸ್. ಇವೆರಡನ್ನೂ ದೂರ ಇಟ್ಟಿರುವುದು ತೆಳ್ಳನೆಯ ಒಂದು ಉಂಗುರ, ಈ ಹೊದಿಕೆ. ಕಾರಿನ ಕೀ, ಪೌಂಡ್ ಚಿಲ್ಲರೆ, ಏಲಕ್ಕಿಯೆಲ್ಲ ಒಟ್ಟಿಗೆ ಸಂಸಾರ ಮಾಡುವ ನನ್ನ ಪ್ಯಾಂಟಿನ ಜೇಬಿಗೆ ಇದು ಬಿದ್ದರೆ ಶಾರ್ಟ್ ಆಗಿ ಎಲ್ಲಿ ಬೆಂಕಿ ಹತ್ತುತ್ತದೆ ಎಂಬುದನ್ನು ಅವಳು ಬಿಡಿಸಿ ಹೇಳಲಿಲ್ಲ. ಜೇಬನ್ನು ನೋಡಿದಳು, ಅಷ್ಟೆ. ಬಿಡಿ ಸೆಲ್ ಒಯ್ಯಲು ಪ್ಲಾಸ್ಟಿಕ್ ಡಬ್ಬಿಯೇ ಆಗಬೇಕು.

ನಾನು ಸೋಲಲಿಲ್ಲ. ಎರಡು ಸೆಲ್ಲಿನ ಮಾಡ್‌ಗೆ ಒಂದೇ ಕಂಪನಿಯ, ಒಟ್ಟಿಗೇ ಕೊಂಡ, ಒಟ್ಟಿಗೇ ಚಾರ್ಜಾಗುವ ಜೋಡಿ ಬೇಕು, ಇಲ್ಲಿನ ವೇಪಿಗರು ಅವಕ್ಕೆ ಮದುವೆಯೇ ಆಗಿದೆ ಅನ್ನುತ್ತಾರೆ ಎಂದು ಪಾಂಡಿತ್ಯ ತೋರಿಸಿದೆ. ಒಂದು ಸೊರಗಿದ್ದರೆ ಗಟ್ಟಿಯಾದದ್ದು ಅದನ್ನು ಎಳೆದೆಳೆದು ಇನ್ನಷ್ಟು ಬರಿದು ಮಾಡುತ್ತದೆ.

“ಗೊತ್ತು ಬಿಡಿ,” ಅಂದಳು. “ನಮ್ಮಲ್ಲಿ ಸೊರಗಿದ್ದು ಯಾವುದು ಅಂತ ಮಾತ್ರ ಕೇಳಬೇಡಿ.”

ಕೊನೆಗೆ ಬಂದದ್ದು ಬ್ಯಾಟರಿ ಒಳಗೇ ಕೂತಿರುವ, ಹೊಸಬರು ಹಿಡಿಯುವ ಪುಟ್ಟ ಪಾಡ್. 2 ಮಿಲಿಲೀಟರ್ ದ್ರವ, ನಿಕೋಟಿನ್ ಹೆಚ್ಚೆಂದರೆ ಮಿಲಿಲೀಟರಿಗೆ 20 ಮಿಲಿಗ್ರಾಂ. ಇಲ್ಲಿನ ಕಾನೂನು ಅದಕ್ಕಿಂತ ಹೆಚ್ಚು ಕೊಡುವುದಿಲ್ಲ. ಚಾರ್ಜಿಂಗ್ ಹಾಸಿಗೆ, ಸೋಫಾದ ಮೇಲೆ ಇಲ್ಲ, ಅಡುಗೆಮನೆಯ ಕಲ್ಲಿನ ಕಟ್ಟೆಯ ಮೇಲೆ. ರಾತ್ರಿ ಮಲಗಿದ ಮೇಲೆ ಇಲ್ಲವೇ ಇಲ್ಲ. ಕೇಬಲ್ ಅವಳ ವಶದಲ್ಲಿದೆ. ದಮ್ಮು ಹೊಡೆಯಬೇಕೆಂದರೆ ಮೊದಲು ಪಾತ್ರೆ ತೊಳೆಯಬೇಕು.

ಊರಿಗೆ ಹೋಗುವ ಮಾತು ಬಂತು. ವಿಮಾನದಲ್ಲಿ ಇದನ್ನು ಕೈಚೀಲದಲ್ಲೇ ಇಡಬೇಕು, ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ ಎಂದು ನಾನು ಆಗಲೇ ಓದಿಕೊಂಡಿದ್ದೆ. ಭಾರತದಲ್ಲಿ ಇ-ಸಿಗರೇಟನ್ನೇ 2019ರಲ್ಲಿ ನಿಷೇಧಿಸಿದ್ದಾರೆ, ಯಾವ ಚೀಲವೂ ನಡೆಯುವುದಿಲ್ಲ ಎಂದು ಅವಳು ಓದಿಕೊಂಡಿದ್ದಳು. ವೀಡಿಯೊ ಕಾಲ್‌ನಲ್ಲಿ ಶಿವಮೊಗ್ಗದಿಂದ ಅಮ್ಮ ಎಲ್ಲ ಕೇಳಿಸಿಕೊಂಡರು.

“ಆ ಪೀಪಿ ಅಲ್ಲೇ ಬಿಟ್ಟು ಬಾ ಮಗಾ. ಹಿತ್ತಲಲ್ಲಿ ಬೇಕಾದಷ್ಟು ಅಡಿಕೆ ಇದೆ. ಅದಕ್ಕೆ ಚಾರ್ಜೂ ಬೇಡ.”