ಬೀಗದ ಮೇಷ್ಟ್ರು

ಚಿಕ್ಕಬಳ್ಳಾಪುರದಲ್ಲಿ ಬೆಳಿಗ್ಗೆ ಬೇಗ ಎದ್ದವರು ಮೊದಲು ನಂದಿಬೆಟ್ಟದ ಕಡೆ ನೋಡುತ್ತಾರೆ, ಮೋಡ ಇಳಿದಿದೆಯೇ ಎಂದು. ನಮ್ಮ ಎದುರುಮನೆ ಮೇಷ್ಟ್ರು ಗೇಟಿನ ಕಡೆ ನೋಡುತ್ತಾರೆ, ಕಾರು ಇದೆಯೇ ಎಂದು. ಇರುತ್ತದೆ. ಆರು ವರ್ಷದಿಂದ ಇದೆ. ಆದರೂ ಕವರಿನ ತುದಿ ಎತ್ತಿ, ಒಂದು ಟೈರು ಮುಟ್ಟಿ ನೋಡದೆ ಅವರಿಗೆ ಕಾಫಿ ಒಳಗಿಳಿಯದು. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ಕಾಲಕ್ಕೆ ಅವರಿಗೊಂದು ಹೆಸರಿತ್ತು. ಈಗ ಕೊರಿಯರ್ ಹುಡುಗರೂ ‘ಬೀಗದ ಮೇಷ್ಟ್ರ ಮನೆ ಯಾವುದಣ್ಣಾ?’ ಎಂದೇ ಕೇಳುತ್ತಾರೆ.

ನಿವೃತ್ತಿಯ ದುಡ್ಡಿನಲ್ಲಿ ಕೊಂಡ ಕಾರು. ಸ್ಟೇರಿಂಗಿಗೆ ಅಡ್ಡ ಒಂದು ಕಬ್ಬಿಣದ ಸಲಾಕೆ, ಗೇರಿಗೊಂದು ಬೀಗ, ಸೀಟಿನ ಕೆಳಗೆ ಪೆಟ್ರೋಲ್ ಪಂಪಿನ ಕರೆಂಟು ಕಡಿಯುವ ಗುಟ್ಟಿನ ಸ್ವಿಚ್ಚು. ಇಷ್ಟೂ ಸಾಲದೆ, ಹಿಂದಿನ ಚಕ್ರದಿಂದ ಗೇಟಿನ ಕಂಬಕ್ಕೆ ಎಮ್ಮೆ ಕಟ್ಟುವ ಸರಪಳಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಮೇಷ್ಟ್ರು ಬೀಗ ಹಾಕುವಾಗ ಮಾತ್ರ ಸಂಸ್ಕೃತಕ್ಕೆ ಏರುತ್ತಾರೆ. ತುಟಿ ಅಲ್ಲಾಡುವುದು ಕಾಣುತ್ತದೆ, ಯಾವ ಸ್ತೋತ್ರವೋ ಗೊತ್ತಾಗದು. ಒಮ್ಮೆ ಅವರ ಮನೆಯವರಿಗೆ ತಲೆ ಸುತ್ತು ಬಂತು. ಆಕೆ ಆಟೋ ಕರೆದು, ಡಾಕ್ಟರಿಗೆ ತೋರಿಸಿ, ಮಾತ್ರೆ ತೆಗೆದುಕೊಂಡು ವಾಪಸು ಬಂದಾಗ ಮೇಷ್ಟ್ರು ಇನ್ನೂ ಗೇರ್ ಲಾಕಿನ ಹತ್ತಿರ ಇದ್ದರು.

ಆ ಗೇರ್ ಲಾಕಿನದೇ ಒಂದು ಕಥೆ. ಕಳ್ಳತನ ತಡೆಯುವ ಸಾಧನ ಇದ್ದರೆ ಇನ್ಶೂರೆನ್ಸಿನಲ್ಲಿ ರಿಯಾಯಿತಿ ಉಂಟೆಂದು ಯಾರೋ ಹೇಳಿದರು. ಮೇಷ್ಟ್ರು ಅಂದೇ ಬೆಂಗಳೂರಿಗೆ ಹೋಗಿ 4,500 ರೂಪಾಯಿ ಸುರಿದು ಬಂದರು. ಏಜೆಂಟು ಲೆಕ್ಕ ಬಿಡಿಸಿದ: “ಸಾರ್, ರಿಯಾಯಿತಿ ಶೇ 2.5, ಅದೂ ಓನ್ ಡ್ಯಾಮೇಜ್, ಅಂದರೆ ನಿಮ್ಮ ಕಾರಿನ ನಷ್ಟಕ್ಕೆ ಕಟ್ಟುವ ಭಾಗಕ್ಕೆ ಮಾತ್ರ, ಹೆಚ್ಚೆಂದರೆ 500. ನಿಮಗೆ ವರ್ಷಕ್ಕೆ 150 ಉಳಿಯುತ್ತೆ. ಬೀಗಕ್ಕೆ ಎಆರ್‌ಎಐ ಸರ್ಟಿಫಿಕೇಟ್ ಇದೆ ತಾನೇ?” ಇರಲಿಲ್ಲ. ಇದ್ದಿದ್ದರೂ ಅಸಲು ಹುಟ್ಟಲು ಮೂವತ್ತು ವರ್ಷ ಬೇಕಿತ್ತು. ಗಣಿತದ ಮೇಷ್ಟ್ರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಶಿಡ್ಲಘಟ್ಟದಲ್ಲಿ ಅವರ ತಮ್ಮ ರೇಷ್ಮೆ ನೂಲು ತೆಗೆಯುವ ರೀಲರು. ಅವನ ಜೊತೆ ಗೂಡಿನ ಮಾರುಕಟ್ಟೆಗೆ ಹೋಗಿ ಹೋಗಿ ಮೇಷ್ಟ್ರಿಗೂ ಹರಾಜಿನ ರಕ್ತ ಹತ್ತಿದೆ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವ ಹಾಗೆ ಪಾಲಿಸಿ ಹಾಳೆಯನ್ನೂ ಅಲ್ಲಾಡಿಸಿ, “ಈ ಥರ್ಡ್ ಪಾರ್ಟಿ 3,416 ಅಂತಿದೆಯಲ್ಲ, ಮೂರು ಸಾವಿರಕ್ಕೆ ಮುಗಿಸಯ್ಯಾ” ಎನ್ನುತ್ತಾರೆ. ಅದು 2022ರ ಜೂನ್‌ನಲ್ಲಿ ಸರ್ಕಾರವೇ ಕಟ್ಟಿದ ದರ, ಸಾವಿರದಿಂದ ಸಾವಿರದೈನೂರು ಸಿಸಿ ಕಾರಿಗೆ ಯಾವ ಕಂಪನಿಗೆ ಹೋದರೂ ಅಷ್ಟೇ ಎಂದರೆ ನಂಬುವುದಿಲ್ಲ. ಬೇಕಿದ್ದರೆ ಐಡಿವಿ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆ, ಇಳಿಸೋಣ, ಪ್ರೀಮಿಯಂ ಇಳಿಯುತ್ತೆ ಎಂದರೆ ಕಣ್ಣು ಕೆಂಪಗಾಗುತ್ತದೆ. “ಕಾರು ಕಳುವಾದರೆ ಕೊಡೋದೇ ಆ ಐಡಿವಿ ಮೇಲೆ. ನನ್ನ ಕಾರಿನ ಮಾನ ನೀನೇ ಕಳೀತೀಯಾ?”

ಗೌರಿಬಿದನೂರು ಕಡೆ ವಿದುರಾಶ್ವತ್ಥಕ್ಕೆ ನಮ್ಮನ್ನೂ ಕರೆದುಕೊಂಡು ಹೋಗಿದ್ದರು. ಸಾಲುಸಾಲು ನಾಗರಕಲ್ಲುಗಳಿಗೆ ಎಲ್ಲರೂ ಕೈ ಮುಗಿಯುತ್ತಿದ್ದರೆ, ಮೇಷ್ಟ್ರು ಕಾರಿಗೆ ಬೆನ್ನು ಕೊಟ್ಟು ನಿಂತಿದ್ದರು. ಹಿಂದೂಪುರ ಪಕ್ಕದಲ್ಲೇ ಇದೆ, ರಾಜ್ಯ ದಾಟಿದ ಗಾಡಿ ಹೆಸರು ಕುಲ ಎರಡೂ ಬದಲಾಯಿಸಿಕೊಳ್ಳುತ್ತದೆ ಎಂಬುದು ಅವರ ಅಳುಕು. ನಿಧಿ ಕಾಯುವ ಸರ್ಪವನ್ನು ಕಲ್ಲಿನಲ್ಲಿ ನೋಡಿ ಬಂದವರು ಇಲ್ಲಿ ಪ್ಯಾಂಟು ತೊಟ್ಟದ್ದನ್ನೂ ನೋಡಿದೆವು.

ಚಿಂತಾಮಣಿಯ ಮದುವೆಯಲ್ಲಂತೂ ಪಲ್ಯಕ್ಕೊಮ್ಮೆ, ಸಾರಿಗೊಮ್ಮೆ ಎದ್ದು ಹೋಗಿ ಕಾರು ನೋಡಿ ಬಂದರು. ಮೂರನೆಯ ಸಲ ಬರುವಷ್ಟರಲ್ಲಿ ಅವರ ಎಲೆ ಎತ್ತಿಯಾಗಿತ್ತು. ಆ ಊರ ಹೆಸರಿನಲ್ಲಿ ಮಣಿಯೂ ಇದೆ. ಮೇಷ್ಟ್ರ ಪಾಲಿಗೆ ಬಂದದ್ದು ಮೊದಲರ್ಧ.

ನಗುತ್ತೇವೆ ನಿಜ, ಆದರೆ ಮೇಷ್ಟ್ರ ಪಾಠದಲ್ಲಿ ಸುಳ್ಳಿಲ್ಲ. ಟೀ ಅಂಗಡಿ ಮುಂದೆ ‘ಒಂದೇ ನಿಮಿಷ’ ಎಂದು ಕೀ ಬಿಟ್ಟು ಇಳಿದವನನ್ನು ಅವರು ಅಲ್ಲೇ ಬೆಂಚಿನ ಮೇಲೆ ನಿಲ್ಲಿಸುವವರಂತೆ ಗದರುತ್ತಾರೆ. “ಹೋದ್ರೆ ಕಂಪನಿಯವರು ಎಫ್‌ಐಆರ್ ಕೇಳ್ತಾರೆ, ಪತ್ತೆಯಾಗಿಲ್ಲ ಅನ್ನೋ ಪೊಲೀಸ್ ವರದಿ ಕೇಳ್ತಾರೆ, ಎರಡೂ ಕೀ ತಂದಿಡು ಅಂತಾರೆ. ಒಂದು ಕೀ ಕಳ್ಳನ ಹತ್ರ ಇದೆ ಅಂತೀಯಾ?” ಅವರ ಎರಡನೆಯ ಕೀ ಸಾಸಿವೆ ಡಬ್ಬಿಯಲ್ಲಿದೆ. ಇದು ಗುಟ್ಟು, ಬೀದಿಗೆಲ್ಲ ಅವರೇ ಹೇಳಿದ್ದು.

ಮೇಷ್ಟ್ರಿಗೆ ಕಾರಿಗಿಂತ ಹೆಚ್ಚಿನ ಆಸ್ತಿ ಎಂದರೆ ನೋ ಕ್ಲೇಮ್ ಬೋನಸ್. ಮೊದಲ ವರ್ಷ ಕ್ಲೇಮ್ ಮಾಡದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ 20 ರಿಯಾಯಿತಿ, ಆಮೇಲೆ 25, 35, 45, ಐದನೆಯ ವರ್ಷಕ್ಕೆ 50. ಏಕಾದಶಿ ಹಿಡಿದವರ ಹಾಗೆ ವ್ರತ ಹಿಡಿದು 50 ಮುಟ್ಟಿದರು. ಯುಗಾದಿ ಮಾರನೆಯ ದಿನ ಒಂದು ಹಸು ಬಂದು ಬಂಪರಿಗೆ ಗುದ್ದಿತು. ಗ್ಯಾರೇಜಿನವನು 4,200 ಎಂದ. ಮೇಷ್ಟ್ರು ಕಾಂಪೌಂಡ್ ಗೋಡೆಯ ಒಳಮೈಯಲ್ಲಿ ಸೀಮೆಸುಣ್ಣದಿಂದ ಬರೆದರು. ಈಗ ಕ್ಲೇಮ್ ಮಾಡಿದರೆ 50 ಹೋಗಿ ಸೊನ್ನೆ. ಮೊದಲ ವರ್ಷ ನಷ್ಟ 50, ಮುಂದೆ 30, 25, 15, 5. ಒಟ್ಟು ಶೇ 125. ಓನ್ ಡ್ಯಾಮೇಜ್ ಪ್ರೀಮಿಯಂ 6,000 ಎಂದಿಟ್ಟುಕೊಂಡರೆ 7,500. ಕ್ಲೇಮ್ ಮಾಡಿದರೂ ನಮ್ಮ ಕೈಯಿಂದಲೇ ಹೋಗುವ 1,000 ಸೇರಿಸಿ 8,500. ಇದಕ್ಕಿಂತ ಕಡಿಮೆ ಪೆಟ್ಟಿಗೆ ಕ್ಲೇಮ್ ಮಾಡುವವನು ಪೆದ್ದ. ಕೆಳಗೆ ಎರಡು ಗೆರೆ ಎಳೆದರು. ಲೆಕ್ಕ ಸರಿಯಾಗಿಯೇ ಇತ್ತು. ಇನ್ನು 4,200 ಕೈಯಿಂದ ಹಾಕುವುದೂ ದಂಡವೆನಿಸಿ, ಬಂಪರಿನ ಗುಂಡಿ ಗುಂಡಿಯಾಗಿಯೇ ಉಳಿಯಿತು.

ಆಮೇಲೆ ಮಗಳ ಬಾಣಂತನ ಬಂತು, ಅಮೆರಿಕದಲ್ಲಿ. ಗಂಡ ಹೆಂಡತಿ ಇಬ್ಬರೂ ಹೊರಟರು. ಹೊರಟ ವಾರಕ್ಕೇ ಪಾಲಿಸಿ ಮುಗಿಯುವುದಿತ್ತು. ಏಜೆಂಟು ಫೋನಿನಲ್ಲೇ ಮಾಡಿಸಿಬಿಡಿ ಎಂದ. ಮೇಷ್ಟ್ರು ನಕ್ಕರು: “ರಸ್ತೆಗೇ ಇಳಿಯದ ಕಾರಿಗೆ ಇನ್ಶೂರೆನ್ಸ್ ಯಾತಕ್ಕಯ್ಯಾ? ಬಂದ್ಮೇಲೆ ಕಟ್ಟಿದ್ರೆ ಮೂರು ತಿಂಗಳ ದುಡ್ಡು ಉಳೀತು.” ಸರಪಳಿಗೆ ಇನ್ನೊಂದು ಬೀಗ ಬಿತ್ತು. ಅಲ್ಲಿಂದ ದಿನವೂ ನನಗೆ ಫೋನು. ಮೊಮ್ಮಗು ಹುಟ್ಟಿದ ದಿನವೂ ಮೊದಲ ಪ್ರಶ್ನೆ ಅದೇ: “ಇದೆಯಾ?” “ಇದೆ ಮೇಷ್ಟ್ರೇ.”

ಬಂದರು. ಟೈರು ಮುಟ್ಟಿದರು. ಬೀಗಗಳನ್ನು ಎಣಿಸಿದರು. ಎಲ್ಲ ಇದ್ದವು. ಏಜೆಂಟನ್ನು ಕರೆಸಿದರು.

“ಮೇಷ್ಟ್ರೇ, ಪಾಲಿಸಿ ಮುಗಿದ ತೊಂಬತ್ತು ದಿನದೊಳಗೆ ಮಾಡಿಸಿದ್ರೆ ಬೋನಸ್ ಉಳೀತಿತ್ತು. ಇವತ್ತಿಗೆ ನೂರೆರಡು ದಿನ. ಐವತ್ತು ಹೋಯ್ತು, ಮತ್ತೆ ಸೊನ್ನೆಯಿಂದ ಶುರು.”

ಮೇಷ್ಟ್ರು ಮಾತಾಡಲಿಲ್ಲ. ಮೆಲ್ಲಗೆ ಗೋಡೆಯ ಕಡೆ ನಡೆದರು. ಮಳೆ ನೀರು ತಾಗದ ಮೂಲೆಯಲ್ಲಿ ಸೀಮೆಸುಣ್ಣ ಹಾಗೇ ಇತ್ತು: 50, 30, 25, 15, 5. ಕೆಳಗೆ 7,500. ಎರಡು ಗೆರೆ.

ಮೊಮ್ಮಗುವಿನ ಫೋಟೋ ತೋರಿಸಲು ಹೊರಗೆ ಬಂದ ಅವರ ಮನೆಯವರು ಗೋಡೆಯನ್ನೂ ಗಂಡನನ್ನೂ ಒಮ್ಮೆ ನೋಡಿ, ನನ್ನ ಕಡೆ ತಿರುಗಿ ಹೇಳಿದರು:

“ಅವತ್ತು ಆ ಹಸು ಗುದ್ದಿದಾಗಲೇ ಕ್ಲೇಮ್ ಮಾಡಿದ್ದಿದ್ರೆ, ಬಂಪರಾದ್ರೂ ಹೊಸದು ಬರ್ತಿತ್ತು.”