ಅಳಿಯಂದಿರು ಫಾರ್ಮ್ಯಾಟ್ ಹೊಡೆದಾಗ

ಕಂಪ್ಯೂಟರ್ ಬಲ್ಲ ಅಳಿಯ ಇಲ್ಲದ ಮನೆತನ ಈಗ ಅಪರೂಪ. ಅವರು ಓದಿದ್ದು ಸಿವಿಲ್ ಇಂಜಿನಿಯರಿಂಗೋ ಬಿ.ಕಾಮೋ ಆಗಿರಬಹುದು, ಅದು ಲೆಕ್ಕಕ್ಕಿಲ್ಲ. ಮದುವೆಯಾದ ಹೊಸದರಲ್ಲಿ ಯಾವತ್ತೋ ಮಾವನವರ ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ಹರಿಯದೆ ಎಳೆದು ತೆಗೆದಿರುತ್ತಾರೆ, ಅಂದೇ ಪಟ್ಟಾಭಿಷೇಕ. ಹಬ್ಬಕ್ಕೆ ಬಂದವರು ಒಬ್ಬಟ್ಟಿನ ಊಟ ಮುಗಿಸಿ ಕೈ ತೊಳೆಯುವುದನ್ನೇ ಕಾದಿದ್ದು ಅತ್ತೆಯವರು, "ಅಳಿಯಂದ್ರೇ, ಇವರ ಕಂಪ್ಯೂಟರು ಯಾಕೋ ತುಂಬಾ ನಿಧಾನ ಆಗಿದೆಯಂತೆ, ಒಂಚೂರು ನೋಡ್ತೀರಾ?" ಅನ್ನುತ್ತಾರೆ. ಅಳಿಯಂದಿರು ಕುರ್ಚಿ ಎಳೆದು ಕೂತು, ಮೌಸನ್ನು ಎರಡು ಸಲ ಅತ್ತಿತ್ತ ಆಡಿಸಿ ತೀರ್ಪು ಕೊಡುತ್ತಾರೆ: "ಏನಿಲ್ಲ ಮಾವ, ಒಂದ್ಸಲ ಫಾರ್ಮ್ಯಾಟ್ ಹೊಡೆದು ಫ್ರೆಶ್ಶಾಗಿ ವಿಂಡೋಸ್ ಹಾಕಿಬಿಡೋಣ." ನಿಧಾನವಾದರೂ ಅದೇ ತೀರ್ಪು, ಸದ್ದು ಮಾಡಿದರೂ ಅದೇ, ನೆಟ್ ಬಾರದಿದ್ದರೂ ಅದೇ. ಇಷ್ಟು ಬೇರೆಬೇರೆ ಕಾಯಿಲೆಗೆ ಒಂದೇ ಔಷಧ ಬರೆಯುವುದನ್ನು ನೋಡಿದರೆ ಒಂದು ಅನುಮಾನ ಬಾರದೆ ಇರದು. ಫಾರ್ಮ್ಯಾಟಿನ ನಿಜವಾದ ಆಕರ್ಷಣೆ ಅದು ಕಾಯಿಲೆಯನ್ನು ವಾಸಿಮಾಡುತ್ತದೆ ಎಂಬುದರಲ್ಲಿಲ್ಲ, ಕಾಯಿಲೆ ಯಾವುದೆಂದು ವಿಚಾರಿಸುವ ಗೋಜನ್ನೇ ತಪ್ಪಿಸುತ್ತದೆ ಎಂಬುದರಲ್ಲಿದೆ. ಹಾಗಾಗಿ ಹಳೆಯ ಯಂತ್ರದಲ್ಲಿ ವಿಂಡೋಸ್ ಹಾಕುವ ಕೆಲಸ ನಡುದಾರಿಯಲ್ಲಿ ಕೈಕೊಟ್ಟಾಗ ಮನೆಯವರು ಹಣೆ ಚಚ್ಚಿಕೊಳ್ಳಬೇಕಾಗಿಲ್ಲ. ಯಾರೂ ಕೇಳದ ಪ್ರಶ್ನೆಗೆ ಯಂತ್ರ ತಾನಾಗಿ ಉತ್ತರ ಹೇಳತೊಡಗಿದೆ, ಅಷ್ಟೆ.

ಸಾಕ್ಷಿಗೆ ಮೊದಲು ಹಾರ್ಡ್ ಡಿಸ್ಕನ್ನೇ ಕರೆಯೋಣ. ಹತ್ತು ವರ್ಷ ದಾಟಿದ ಯಂತ್ರದೊಳಗೆ ಸಾಮಾನ್ಯವಾಗಿ ಇರುವುದು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆ. ಅದರ ಕೆಲವು ಜಾಗ ಸವೆದರೆ ಡಿಸ್ಕು ತಕ್ಷಣ ಸೋಲೊಪ್ಪುವುದಿಲ್ಲ. ಓದಲಾಗದ ಸೆಕ್ಟರನ್ನು ಮತ್ತೆ ಮತ್ತೆ ಓದಲು ನೋಡುತ್ತದೆ, ಕಡೆಗೆ ಅದನ್ನು ಬಿಟ್ಟು ಬದಲಿ ಸೆಕ್ಟರಿಗೆ ಹೋಗುತ್ತದೆ, ಹಾಗೆ ಬಿಟ್ಟದ್ದೆಷ್ಟು ಎಂಬ ಲೆಕ್ಕವನ್ನೂ ಇಟ್ಟುಕೊಳ್ಳುತ್ತದೆ. ಮಾವನವರಿಗೆ ಇದೆಲ್ಲ "ತುಂಬಾ ನಿಧಾನ" ಎಂದು ಕಾಣುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಪುಕ್ಕಟೆ ತಂತ್ರಾಂಶ ಆ ಲೆಕ್ಕವನ್ನು ತೆರೆದು ತೋರಿಸುತ್ತದೆ: ಆರೋಗ್ಯ ನೆಟ್ಟಗಿದ್ದರೆ ನೀಲಿ, ಅನುಮಾನವಿದ್ದರೆ ಹಳದಿ, ಮುಗಿದಿದ್ದರೆ ಕೆಂಪು. ಕಾಫಿ ಆರುವುದರೊಳಗೆ ನೋಡಿ ಮುಗಿಸಬಹುದಾದ ಪರೀಕ್ಷೆ. ಅಳಿಯಂದಿರು ಅದನ್ನು ಮಾಡುವುದಿಲ್ಲ, ಏಕೆಂದರೆ ಹಳದಿ ಕಂಡರೆ ಬೀರುವಿನ ಬೀಗ ತೆಗೆಸಿ ಡಿಸ್ಕಿಗೆ ದುಡ್ಡು ಕೇಳಬೇಕಾಗುತ್ತದೆ. ಫಾರ್ಮ್ಯಾಟಿಗೆ ಕಾಸು ಬೇಡ. ಇನ್ನು ಅವರು ಹೊಡೆಯುವ ಫಾರ್ಮ್ಯಾಟಾದರೂ ಎಂಥದು? ವಿಂಡೋಸ್ ಹಾಕುವಾಗ ಕಾಣುವ ಆ ಬಟನ್ ಮಾಡುವುದು ಕ್ವಿಕ್ ಫಾರ್ಮ್ಯಾಟ್. ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆ, ತಟ್ಟೆಯ ಸವೆದ ಜಾಗವನ್ನು ಮುಟ್ಟಿಯೂ ನೋಡುವುದಿಲ್ಲ. ಸೂರು ಸೋರುವ ಮನೆಗೆ ಹೊಸ ನಾಮಫಲಕ ಹಾಕಿಸಿದ ಹಾಗೆ. ಅದೇ ಸವೆದ ಜಾಗದ ಮೇಲೆ ಹೊಸ ವಿಂಡೋಸು ಕಾಲಿಟ್ಟಾಗ ಇನ್‌ಸ್ಟಾಲ್ ನಿಂತುಬಿಡುತ್ತದೆ. ಅಳಿಯಂದಿರು, "ಈ ವಿಂಡೋಸ್ ಕಾಪಿನೇ ಸರಿಯಿಲ್ಲ" ಅನ್ನುತ್ತಾರೆ.

ಎರಡನೆಯ ಸಾಕ್ಷಿ ಇನ್ನೂ ಚಿಕ್ಕದು. ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಂತೆ ಕೂತಿರುವ ಮೂರು ವೋಲ್ಟಿನ ಶೆಲ್ಲು, ಹೆಸರು ಸಿಆರ್ 2032. ಕರೆಂಟು ತೆಗೆದಾಗಲೂ ತಾರೀಕು, ವೇಳೆ ಮರೆಯದಂತೆ ನೋಡಿಕೊಳ್ಳುವುದು ಅದರ ಕೆಲಸ. ಅದು ಖಾಲಿಯಾದರೆ ಯಂತ್ರ ಪ್ರತಿ ಬೆಳಿಗ್ಗೆ ತಾನು ತಯಾರಾದ ಕಾಲಕ್ಕೆ ಹಿಂದಿರುಗಿ ಎದ್ದೇಳುತ್ತದೆ. ತಾರೀಕು ಅಷ್ಟು ಹಿಂದಿದ್ದರೆ ಬ್ರೌಸರಿಗೆ ಯಾವ ಬ್ಯಾಂಕಿನ ಪ್ರಮಾಣಪತ್ರವೂ ನಂಬಿಕೆಗೆ ಬಾರದು, ಪುಟ ತೆರೆಯದು. ಮನೆಯಲ್ಲಿ ಅದರ ಹೆಸರು "ವೈರಸ್". ಕೆಲವು ಹಳೆಯ ಬೋರ್ಡುಗಳಲ್ಲಿ ಶೆಲ್ಲು ಸತ್ತಾಗ ಡಿಸ್ಕಿನ ಜೊತೆ ಮಾತಾಡುವ ರೀತಿಯೂ ಎಎಚ್‌ಸಿಐಯಿಂದ ಐಡಿಇಗೆ ತಾನಾಗಿ ಬದಲಾಗುತ್ತದೆ, ವಿಂಡೋಸು ತನ್ನ ಡಿಸ್ಕನ್ನೇ ಗುರುತು ಹಿಡಿಯಲಾರದೆ ನೀಲಿ ಪರದೆ ತೋರಿಸಿ ಮಲಗುತ್ತದೆ. ಮಸಾಲೆ ದೋಸೆಗಿಂತ ಅಗ್ಗದ ಶೆಲ್ಲು, ಬಯಾಸಿನಲ್ಲಿ ಒಂದು ಆಯ್ಕೆ, ಇಷ್ಟಕ್ಕೆ ಮುಗಿಯುವ ಕೆಲಸ. ಆದರೆ ಅಳಿಯಂದಿರು ಇಲ್ಲಿಯೂ ಫಾರ್ಮ್ಯಾಟ್ ಹೊಡೆಯುತ್ತಾರೆ. ಮಜಾ ಏನೆಂದರೆ, ಹೊಸ ವಿಂಡೋಸು ಈಗಿರುವ ಐಡಿಇಗೇ ಹೊಂದಿಕೊಂಡು ಎದ್ದು ಕೂರುತ್ತದೆ. ಅತ್ತೆಯವರು ಇನ್ನೊಂದು ಒಬ್ಬಟ್ಟು ಬಡಿಸುತ್ತಾರೆ. ಅದೇ ತಪ್ಪು ಔಷಧಕ್ಕೆ ಈ ಲೋಕದಲ್ಲಿ ಒಳ್ಳೆಯ ಹೆಸರು ಬರುವ ಬಗೆ.

ಇನ್ನು ಫಾರ್ಮ್ಯಾಟ್ ಹೊಡೆಯುವ ರಾತ್ರಿಯ ಕಥೆಗೆ ಬರೋಣ. ಬೂಟ್ ಮೆನು ತೆರೆಯುವ ಕೀ ಒಂದು ಕಂಪನಿಗೆ ಎಫ್ 12, ಇನ್ನೊಂದಕ್ಕೆ ಎಫ್ 9, ಮತ್ತೊಂದಕ್ಕೆ ಎಸ್ಕೇಪ್. ಅಳಿಯಂದಿರು ಹಾರ್ಮೋನಿಯಂ ನುಡಿಸುವವರ ಹುರುಪಿನಲ್ಲಿ ಎಲ್ಲವನ್ನೂ ಒಟ್ಟಿಗೆ ಒತ್ತುತ್ತಾರೆ, ಯಾವುದೋ ಒಂದು ತಾಗುತ್ತದೆ. "ಏನೇ ಹೇಳಿ ಮಾವ, ಸೆವೆನ್ನೇ ಬೆಸ್ಟು" ಎಂದು 2009ರ ವಿಂಡೋಸ್ 7 ಹಾಕಲು ಹೊರಟರೆ, ಸಿಡಿ ಡ್ರೈವಿನ ಡ್ರೈವರ್ ಇಲ್ಲ ಎಂಬ ಸಂದೇಶ ಬರುತ್ತದೆ. ಪೆನ್‌ಡ್ರೈವಿನಿಂದ ಹಾಕುತ್ತಿರುವಾಗ ಸಿಡಿಯ ಮಾತೆಲ್ಲಿಂದ ಬಂತು? ಪೆನ್‌ಡ್ರೈವನ್ನು ಚುಚ್ಚಿರುವ ಕಿಂಡಿಯೊಳಗೆ ಇಣುಕಿ ನೋಡಿದರೆ ನಾಲಿಗೆ ನೀಲಿ ಬಣ್ಣದ್ದು, ಅಂದರೆ ಯುಎಸ್‌ಬಿ 3. ವಿಂಡೋಸ್ 7ಕ್ಕೆ ಅದರ ಪರಿಚಯವೇ ಇಲ್ಲ. ತಾನು ಯಾವುದರಿಂದ ಬಂದೆನೋ ಅದೇ ಅದಕ್ಕೆ ಕಾಣದಾಗುತ್ತದೆ. ಪಕ್ಕದ ಕಪ್ಪು ನಾಲಿಗೆಯ ಕಿಂಡಿಗೆ ಹಾಕಿದರೆ ಸಾಮಾನ್ಯವಾಗಿ ಮುಂದೆ ಸಾಗುತ್ತದೆ. ಅಳಿಯಂದಿರು ಮಾತ್ರ ಸಿಡಿ ಡ್ರೈವು ಕೆಟ್ಟಿದೆ ಎಂದು ಬಿಚ್ಚಲು ಸ್ಕ್ರೂಡ್ರೈವರ್ ಕೇಳುತ್ತಾರೆ. ಅದನ್ನೂ ದಾಟಿದರೆ ಮುಂದಿನ ಬಾಗಿಲು: ಡಿಸ್ಕು ಜಿಪಿಟಿ ಮಾದರಿಯದು, ಇದರ ಮೇಲೆ ಹಾಕಲಾಗದು. ಯಂತ್ರ ಹಳೆಯ ಬಯಾಸ್ ರೀತಿಯಲ್ಲಿ ಶುರುವಾಗಿದೆ ಎಂದಷ್ಟೇ ಇದರರ್ಥ. ಯುಇಎಫ್‌ಐ ರೀತಿಯಲ್ಲಿ ಬೂಟ್ ಆಗುವ ಪೆನ್‌ಡ್ರೈವಿನಿಂದ ಮತ್ತೆ ಶುರುಮಾಡಿದ್ದರೆ ಒಂದು ಕಡತಕ್ಕೂ ಅಪಾಯವಿರುತ್ತಿರಲಿಲ್ಲ. ಆದರೆ ಪರದೆಯ ಮೇಲೆ ಡಿಲೀಟ್ ಎಂಬ ಪದ ಎಷ್ಟು ಹತ್ತಿರದಲ್ಲಿದೆ! ಅಳಿಯಂದಿರು ಒಂದೊಂದೇ ಪಾರ್ಟಿಷನ್ ಅಳಿಸುತ್ತ ಬರುತ್ತಾರೆ. ಊಟದ ಹೊತ್ತಿಗೆ, "ಡಿ ಡ್ರೈವಲ್ಲಿರೋದೆಲ್ಲ ಸೇಫ್ ಮಾವ, ನೀವು ತಲೆ ಕೆಡಿಸ್ಕೋಬೇಡಿ" ಎಂದಿದ್ದ ಆ ಡಿ ಡ್ರೈವೂ ಹಾಗೆಯೇ ಕಾಣೆಯಾಗುತ್ತದೆ.

ಇಲ್ಲಿಂದ ಮುಂದೆ ಪ್ರತಿ ಪ್ರಯತ್ನವೂ ಹಾನಿ. ಪಟ್ಟಿ ಅಳಿಸಿಹೋದರೂ ಡಿ ಡ್ರೈವಿನಲ್ಲಿದ್ದ ಫೋಟೋಗಳು ತಟ್ಟೆಯ ಮೇಲೆ ಇನ್ನೂ ಇರುತ್ತವೆ. ಅವುಗಳ ಮೇಲೆ ಬೇರೇನಾದರೂ ಬರೆಯುವತನಕ ತಕ್ಕ ತಂತ್ರಾಂಶದಿಂದ ಎಷ್ಟೋ ಮಟ್ಟಿಗೆ ಹಿಂದೆ ಪಡೆಯಬಹುದು. ಇನ್‌ಸ್ಟಾಲ್ ನಡುವೆ 80070570 ಎಂಬ ಕೋಡ್ ತೋರಿಸಿ ನಿಂತಿತು ಎನ್ನಿ. ಕಡತ ಓದಲಾಗುತ್ತಿಲ್ಲ ಎಂಬುದೇ ಅದರ ತಾತ್ಪರ್ಯ. ಪ್ರತಿ ಸಲ ಒಂದೇ ಪರ್ಸೆಂಟಿನಲ್ಲಿ ನಿಂತರೆ ಪೆನ್‌ಡ್ರೈವನ್ನು ಅನುಮಾನಿಸಬಹುದು, ಸಲಕ್ಕೊಂದು ಕಡೆ ನಿಂತರೆ ರ್‍ಯಾಮನ್ನು. ರ್‍ಯಾಮಿನ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವ ಮನೆಮದ್ದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರಿಗೂ ಗೊತ್ತು, ಎಷ್ಟೋ ಸಲ ಕೆಲಸವನ್ನೂ ಮಾಡುತ್ತದೆ. ಯೋಚಿಸಲು ಇಷ್ಟೆಲ್ಲ ಸುಳಿವು ಕೊಟ್ಟು ಯಂತ್ರ ಕಾದು ಕೂತಿದ್ದರೆ, ಅಳಿಯಂದಿರು "ಇನ್ನೊಂದ್ಸಲ ಟ್ರೈ ಮಾಡೋಣ" ಎಂದು ನೆಕ್ಸ್ಟ್ ಒತ್ತುತ್ತಾರೆ. ಆ ಒಂದೊಂದು ನೆಕ್ಸ್ಟಿಗೂ ಮೊಮ್ಮಗಳ ನಾಮಕರಣದ ಒಂದಿಷ್ಟು ಫೋಟೋ ಆಹುತಿ.

ಅಳಿಯಂದಿರ ಪರವಾಗಿಯೂ ವಾದವಿದೆ, ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಫಾರ್ಮ್ಯಾಟ್ ಹೊಡೆದ ಮೇಲೆ ಎಷ್ಟೋ ಯಂತ್ರಗಳು ನಿಜವಾಗಿ ಚುರುಕಾಗಿವೆಯಲ್ಲ ಎನ್ನಬಹುದು. ಆಗಿವೆ. ವರ್ಷಗಟ್ಟಲೆ ಸೇರಿಕೊಂಡ ಮೂರು ಬಗೆಯ ಆಂಟಿವೈರಸ್ಸು, ಯಾರೂ ಕರೆಯದೆ ಬಂದ ಟೂಲ್‌ಬಾರುಗಳು ಹೋದರೆ ಯಂತ್ರ ಹಗುರಾಗಲೇಬೇಕು. ಆದರೆ ಅದು ಡಿಸ್ಕು, ರ್‍ಯಾಮು ಗಟ್ಟಿಯಾಗಿದ್ದ ಯಂತ್ರಗಳ ಮಾತು. ಅಂಥವುಗಳಿಗೆ ವಿಂಡೋಸ್ 10ರಲ್ಲಿ ಕಡತ ಉಳಿಸಿಕೊಂಡೇ ರೀಸೆಟ್ ಮಾಡುವ ಸೌಲಭ್ಯವಿದೆ, ಪೆನ್‌ಡ್ರೈವೂ ಬೇಡ, ಅಳಿಯಂದಿರೂ ಬೇಡ. ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ಅವರು ದುಡ್ಡು ಕೇಳುವುದಿಲ್ಲ, ರಾತ್ರಿ ಹನ್ನೊಂದಕ್ಕೆ ಬರುವ ಮೆಕ್ಯಾನಿಕ್ ಯಾರಿದ್ದಾರೆ? ಯಾರೂ ಇಲ್ಲ, ಒಪ್ಪಿದೆ. ಆದರೆ ದುಡ್ಡು ಕೊಟ್ಟು ಕರೆಸಿದವನನ್ನು ಮಾವನವರು, "ಏನಪ್ಪಾ, ಬ್ಯಾಕಪ್ ತಗೊಂಡ್ಯಾ?" ಎಂದು ಮುಲಾಜಿಲ್ಲದೆ ಕೇಳಬಲ್ಲರು. ಅಳಿಯಂದಿರನ್ನು ಹಾಗೆ ಕೇಳುವುದುಂಟೇ? ನಾಳೆ ಮಗಳು ಫೋನಿನಲ್ಲಿ ಅಮ್ಮನ ಹತ್ತಿರ ಮಾತು ಬಿಟ್ಟರೆ? ಹೀಗಾಗಿ ಇಡೀ ಮನೆಯಲ್ಲಿ ಕೇಳಲೇಬೇಕಾದ ಒಂದೇ ಒಂದು ಪ್ರಶ್ನೆ ಮರ್ಯಾದೆಯ ಕಾರಣಕ್ಕೆ ಗಂಟಲಲ್ಲೇ ಉಳಿಯುತ್ತದೆ. ಪುಕ್ಕಟೆ ಸೇವೆಯ ಬೆಲೆ ಅದು.

ಫಾರ್ಮ್ಯಾಟ್ ಗೆದ್ದ ಮನೆಯಲ್ಲೂ ಬೆಳಗಾದಾಗ ಒಂದು ತಮಾಷೆ ಕಾದಿರುತ್ತದೆ. ನೆಟ್‌ವರ್ಕ್ ಡ್ರೈವರ್ ಇಲ್ಲ, ಅದನ್ನು ಇಳಿಸಿಕೊಳ್ಳಲು ನೆಟ್ ಇಲ್ಲ. ಅದು ಬಗೆಹರಿದ ಮೇಲೆ, ಅದೃಷ್ಟಕ್ಕೆ ಬೇರೆಡೆ ಉಳಿದಿದ್ದ ಸಂಘದ ವರದಿಯನ್ನು ಮಾವನವರು ತೆರೆದರೆ, ಕನ್ನಡವಿರಬೇಕಾದ ಕಡೆ ಚುಕ್ಕಿ, ಬಾಲ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಅದು ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಫಾಂಟಿನಲ್ಲಿ ಟೈಪಿಸಿದ ಕಡತ. ಯೂನಿಕೋಡ್ ಅಲ್ಲದ್ದರಿಂದ ಫಾಂಟು ಹೋದೊಡನೆ ಬಟ್ಟೆ ಬದಲಾಗಿದೆ, ಒಳಗಿನ ಒಂದಕ್ಷರವೂ ಕೆಟ್ಟಿಲ್ಲ. ಆ ಫಾಂಟನ್ನು ಮತ್ತೆ ಹಾಕಿದರೆ ಸಾಕು. ಅಳಿಯಂದಿರು ಬಗ್ಗಿ ನೋಡಿ, "ಫೈಲ್ ಕರಪ್ಟ್ ಆಗಿದೆ ಮಾವ, ಡಿಲೀಟ್ ಮಾಡಿಬಿಡಿ" ಅನ್ನುತ್ತಾರೆ. ಮಾವನವರು ಮಾಡಿಬಿಡುತ್ತಾರೆ.

ಮೂರನೆಯ ಆಕ್ಷೇಪ ಕ್ಯಾಲಿಫೋರ್ನಿಯಾದಲ್ಲಿರುವ ಮಗನಿಂದ ವಿಡಿಯೋ ಕಾಲಿನಲ್ಲಿ ಬರುತ್ತದೆ: "ಆ ಹಳೇ ಡಬ್ಬಾ ಬಿಸಾಕಿ ಅಪ್ಪಾ, ಹೊಸದು ತಗೊಳ್ಳಿ." ಹೇಳುವುದು ಸುಲಭ. ಆ ಡಬ್ಬಾದಲ್ಲಿ ಟ್ಯಾಲಿಯ ಲೆಕ್ಕವಿದೆ, ಹೊಸ ವಿಂಡೋಸಿಗೆ ಡ್ರೈವರೇ ಸಿಗದ ಸ್ಕ್ಯಾನರು ಜೋಡಿಸಿದೆ. ತಿರುಗುವ ತಟ್ಟೆ ತೆಗೆದು ಒಂದು ಎಸ್‌ಎಸ್‌ಡಿ ಹಾಕಿದರೆ, ಉಳಿದ ಭಾಗ ಗಟ್ಟಿಯಿದ್ದಲ್ಲಿ, ಅದೇ ಡಬ್ಬಾ ಇನ್ನೂ ಕೆಲವು ವರ್ಷ ದುಡಿಯುತ್ತದೆ. ವಿಂಡೋಸೇ ಆಗಬೇಕೆಂಬ ಹಟವಿಲ್ಲದಿದ್ದರೆ ಲಿನಕ್ಸ್ ಮಿಂಟ್ ಇದೆ. ಆದರೆ ಕಾಲ ಅಳಿಯಂದಿರ ಪಕ್ಷದಲ್ಲಿದೆ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ನಿಂತಿತು, 10ರದ್ದು 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಈ ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇಲ್ಲ, ಆ ತಪಾಸಣೆಯನ್ನು ಮರೆಸುವ ರೂಫಸ್ ಎಂಬ ತಂತ್ರಾಂಶ ಅಳಿಯಂದಿರ ಬಳಿ ಇದೆ. ಕೋರ್ 2 ಡ್ಯುಯೋದಂಥ ತೀರಾ ಹಳೆಯ ಪ್ರೊಸೆಸರುಗಳಲ್ಲಿ 24ಎಚ್2 ಆವೃತ್ತಿ ರೂಫಸ್ ಬಂದರೂ ಬೂಟ್ ಆಗುವುದಿಲ್ಲ, ಆದರೆ ಅದು ಗೊತ್ತಾಗುವುದು ಕೊನೆಗೆ. ಸದ್ಯಕ್ಕೆ ಬೇಕಿರುವುದು 8 ಜಿಬಿಯ ಒಂದು ಪೆನ್‌ಡ್ರೈವ್. ಮನೆಯಲ್ಲಿರುವುದು ಒಂದೇ, ಹೋದ ಸಲದ ಪಾಠ ಕಲಿತ ಮಾವನವರು ಮನೆಪತ್ರ, ಎಲ್‌ಐಸಿ ಬಾಂಡು, ಉಳಿದ ಫೋಟೋ ಎಲ್ಲವನ್ನೂ ಬ್ಯಾಕಪ್ ಎಂದು ಹಾಕಿಟ್ಟುಕೊಂಡಿರುವುದೂ ಅದರಲ್ಲೇ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ರೂಫಸ್ ದೊಡ್ಡಕ್ಷರದಲ್ಲಿ ಎಚ್ಚರಿಸುತ್ತದೆ. "ಇದೆಲ್ಲ ಸುಮ್ನೆ ಫಾರ್ಮ್ಯಾಲಿಟಿ ಮಾವ" ಎಂದು ಅಳಿಯಂದಿರು ಓಕೆ ಒತ್ತುತ್ತಾರೆ.